ಅಂಬ್ವಾಜ್‌ನಲ್ಲಿ ಎರಡು ದಿನ: ಯಾವ ಶಾಟೊ, ಯಾವ ದಾರಿ, ಯಾವುದನ್ನು ಬಿಡುವುದು

ಪ್ಯಾರಿಸ್ಸಿನ ಟಿಕೆಟ್ ಆಗಿದೆ, ನಡುವೆ ಎರಡು ಮೂರು ದಿನ ಬಿಡುವಿದೆ, ಲ್ವಾರ್ ನದಿಯ ಕಣಿವೆ ನೋಡೋಣವೆಂದು ಅಲ್ಲಿನ ಅಂಬ್ವಾಜ್ ಊರಿನಲ್ಲಿ ರೂಮು ಹುಡುಕಿದ್ದೂ ಆಗಿದೆ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಂದ ಮುಂದೆ. ಊರೊಳಗೇ ಎರಡು ದೊಡ್ಡ ಸ್ಥಳಗಳಿವೆ, ಒಂದು ಗಂಟೆಯ ಹಾದಿಯೊಳಗೆ ಇನ್ನೂ ಆರೇಳಿವೆ. ಅದರ ಮೇಲೆ ಸೈಕಲ್ ದಾರಿ, ದೋಣಿ, ಬಿಸಿಗಾಳಿ ಬಲೂನು. ಎಲ್ಲದರ ಮೇಲೂ 'ನೋಡಲೇಬೇಕು' ಎಂಬ ಹಣೆಪಟ್ಟಿ. ಎಲ್ಲವನ್ನೂ ತುರುಕಲು ಹೋದವರು ಮೂರನೇ ಶಾಟೊದಲ್ಲಿ ಮಂಚ ಮತ್ತು ಪರದೆಗಳನ್ನು ನೋಡುತ್ತ ಆಕಳಿಸುತ್ತಾರೆ.

ಶಾಟೊ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಮಾತು ಸಿಗುವುದಿಲ್ಲ. ಹಳೆಯವು ಕೋಟೆ, ಹೊಸವು ಅರಮನೆ. ಈ ಕಣಿವೆಯಲ್ಲಿ ಇರುವವು ಬಹುಪಾಲು 15–16ನೇ ಶತಮಾನದಲ್ಲಿ ಕೋಟೆತನ ಬಿಟ್ಟು ಅರಮನೆಯತ್ತ ಹೊರಳಿದಂಥವು. ಸ್ಯುಲಿ ಊರಿನಿಂದ ಶಾಲೋನ್ ಊರಿನವರೆಗಿನ ಕಣಿವೆಯನ್ನೇ ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ಇಲ್ಲಿ ನೋಡುವಂಥದ್ದು ಗೋಡೆಗಳ ಒಳಗೆ ಎಷ್ಟಿದೆಯೋ ಹೊರಗೂ ಅಷ್ಟೇ ಇದೆ.

ಮೊದಲು ಐದು ಪ್ರಶ್ನೆ

ಯಾವ ಶಾಟೊ ಎಂದು ಕೇಳುವ ಮೊದಲು ಹೇಗೆ ಓಡಾಡುತ್ತೀರಿ ಎಂದು ಕೇಳಿಕೊಳ್ಳಿ. ಕಾರಿದ್ದರೆ ಎಲ್ಲವೂ ಹತ್ತಿರ. ಕಾರಿಲ್ಲದಿದ್ದರೆ 12 ಕಿಲೋಮೀಟರ್ ದೂರದ ಸ್ಥಳಕ್ಕೂ ಅರ್ಧ ದಿನ ಹೋಗಬಹುದು. ರೈಲು ನದಿಯ ಗುಂಟ ಚೆನ್ನಾಗಿ ಓಡುತ್ತದೆ, ನದಿಗೆ ಅಡ್ಡಲಾಗಿ ಹೋಗಬೇಕಾದಲ್ಲಿ ಕೈಕೊಡುತ್ತದೆ. ಉಳಿದ ಆಯ್ಕೆಗಳೆಲ್ಲ ಈ ಒಂದು ಉತ್ತರದ ಹಿಂದೆ ಬರುತ್ತವೆ.

ಎರಡನೆಯದು ಹೊತ್ತು. ಒಂದು ದೊಡ್ಡ ಶಾಟೊಗೆ ಅರ್ಧ ದಿನ ಎಂದು ಎಣಿಸಿ. ಎರಡೂವರೆ ಗಂಟೆ ಒಳಗೆ, ಉಳಿದದ್ದು ಹೋಗಿಬರುವುದಕ್ಕೆ, ಸಾಲಿಗೆ, ಊಟಕ್ಕೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಒಂದು ಶಾಟೊ, ಉಳಿದರ್ಧ ದಿನ ಹೊರಗೆ ಬಯಲಲ್ಲಿ ಎಂದಾದರೆ ಇನ್ನೂ ಒಳ್ಳೆಯದು.

ಮೂರನೆಯದು ಕಾಲು. ಅಪ್ಪ ಅಮ್ಮನ ಜೊತೆ ಬರುವವರು ಗಮನಿಸಬೇಕಾದ ಮಾತು: ಇಲ್ಲಿ ದಣಿವು ಬರುವುದು ಮೆಟ್ಟಿಲಿನಿಂದ ಮಾತ್ರ ಅಲ್ಲ, ಪಾರ್ಕಿಂಗಿನಿಂದ ಬಾಗಿಲವರೆಗಿನ ಜಲ್ಲಿ ಹಾಸಿದ ಉದ್ದನೆಯ ದಾರಿಯಿಂದ. ನಾಲ್ಕನೆಯದು ತಿಂಗಳು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಲ್ಲ ತೆರೆದಿರುತ್ತದೆ. ಚಳಿಗಾಲದಲ್ಲಿ ದೊಡ್ಡ ಶಾಟೊಗಳು ತೆರೆದಿದ್ದರೂ ಹೊತ್ತು ಕಡಿಮೆ, ದೋಣಿ ಬಲೂನುಗಳೆಲ್ಲ ಬಂದ್. ಐದನೆಯದು ದುಡ್ಡು. ದೊಡ್ಡ ಶಾಟೊಗಳ ಟಿಕೆಟ್ ತಲೆಗೆ ಸುಮಾರು 15ರಿಂದ 30 ಯೂರೊ. ಇಬ್ಬರು ನಾಲ್ಕು ಶಾಟೊ ನೋಡಿದರೆ ಟಿಕೆಟ್ಟಿಗೇ 150 ಯೂರೊ ಹತ್ತಿರ ಹೋಗುತ್ತದೆ. ಅದೇ ದುಡ್ಡಿಗೆ ಎರಡು ಶಾಟೊ, ಒಂದು ದಿನದ ಸೈಕಲ್ ಮತ್ತು ಒಂದು ದೋಣಿಯಾನ ಆಗುತ್ತದೆ.

ಊರೊಳಗಿನ ಎರಡು: ರಾಜರ ಶಾಟೊ, ಲಿಯೊನಾರ್ಡೊನ ಮನೆ

ಅಂಬ್ವಾಜ್‌ನ ರಾಜ ಶಾಟೊ ನದಿಯ ಎಡದಂಡೆಯಲ್ಲಿ, ಊರಿನ ತಲೆಯ ಮೇಲೆಯೇ ಕೂತಿದೆ. ಫ್ರಾನ್ಸಿನ ದೊರೆ ಎಂಟನೇ ಶಾರ್ಲ್ 1470ರಲ್ಲಿ ಹುಟ್ಟಿದ್ದು ಇಲ್ಲಿ. 1498ರಲ್ಲಿ ಚೆಂಡಾಟ ನೋಡಲು ಹೊರಟವನು ಗಿಡ್ಡ ಬಾಗಿಲಿನ ಚೌಕಟ್ಟಿಗೆ ತಲೆ ಬಡಿಸಿಕೊಂಡು ಸತ್ತದ್ದೂ ಇಲ್ಲೇ. ಮೂಲ ಕಟ್ಟಡಗಳಲ್ಲಿ ಬಹುಪಾಲನ್ನು 19ನೇ ಶತಮಾನದ ಆರಂಭದಲ್ಲಿ ಕೆಡವಿದ್ದರಿಂದ ಒಳಗೆ ನೋಡುವ ಕೋಣೆಗಳು ಕಡಿಮೆ, ಒಂದೂವರೆ ಗಂಟೆಗೆ ಮುಗಿಯುತ್ತದೆ. ಇದರ ನಿಜವಾದ ಆಸ್ತಿ ಮೇಲಿನ ಜಗಲಿ. ಕೆಳಗೆ ಲ್ವಾರ್, ನಡುವೆ ದ್ವೀಪ, ಸ್ಲೇಟು ಮಾಡಿನ ಮನೆಗಳು ಒಂದೇ ನೋಟಕ್ಕೆ ಸಿಗುತ್ತವೆ. ಕುದುರೆಗಳು, ಗಾಡಿಗಳು ಸುತ್ತಿ ಸುತ್ತಿ ಮೇಲೇರುತ್ತಿದ್ದ ಇಳಿಜಾರು ಇರುವ ಎರಡು ಭಾರಿ ಬುರುಜುಗಳೂ ಬೇರೆಡೆ ಸುಲಭಕ್ಕೆ ಸಿಗುವಂಥವಲ್ಲ. ಅಂಗಳದಲ್ಲಿರುವ ಸೇಂತ್ ಯೂಬೇರ್ ಗುಡಿಯಲ್ಲಿ ಲಿಯೊನಾರ್ಡೊ ದ ವಿಂಚಿಯ ಸಮಾಧಿಯಿದೆ. ಅವನನ್ನು ಮೊದಲು ಹೂಳಿದ್ದು ಶಾಟೊದೊಳಗಿನ ಬೇರೊಂದು ಚರ್ಚಿನಲ್ಲಿ. ಆ ಚರ್ಚು ಕೆಡವಿದ ಮೇಲೆ 1863ರ ಅಗೆತದಲ್ಲಿ ಸಿಕ್ಕ ಮೂಳೆಗಳನ್ನು ಅವನದೇ ಇರಬೇಕೆಂದು ಇಲ್ಲಿಗೆ ತಂದರು.

ಅಲ್ಲಿಂದ ಅರ್ಧ ಕಿಲೋಮೀಟರ್ ನಡೆದರೆ ಕ್ಲೋ ಲ್ಯೂಸೆ. ಒಂದನೇ ಫ್ರಾನ್ಸ್ವಾ ದೊರೆಯ ಕರೆಯ ಮೇಲೆ 1516ರಲ್ಲಿ ಬಂದ ಲಿಯೊನಾರ್ಡೊ 1519ರ ಮೇ 2ರಂದು ಸಾಯುವವರೆಗೆ ಇದ್ದ ಮನೆ. ಟಿಕೆಟ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ: ಅವನು ಇಲ್ಲಿಗೆ ತಂದಿದ್ದ ಮೊನಾಲಿಸಾ ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ, ಈ ಮನೆಯಲ್ಲಿ ಅವನ ಮೂಲ ಚಿತ್ರಗಳನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗುತ್ತದೆ. ಇರುವುದು ಮಲಗುವ ಕೋಣೆ, ಕಾರ್ಯಾಗಾರ, ಅವನ ರೇಖಾಚಿತ್ರಗಳನ್ನು ನೋಡಿ ಮಾಡಿದ ಯಂತ್ರಗಳ ಮಾದರಿಗಳು. ಹಿಂದಿನ ತೋಟದಲ್ಲಿ ಆಳೆತ್ತರದ ಮಾದರಿಗಳಿವೆ, ಅವುಗಳಲ್ಲಿ ಕೆಲವನ್ನು ಮಕ್ಕಳು ತಿರುಗಿಸಬಹುದು, ಏರಬಹುದು. ಎರಡೂವರೆ ಗಂಟೆ ಸಲೀಸಾಗಿ ಕಳೆಯುತ್ತದೆ.

ಎರಡರಲ್ಲಿ ಒಂದೇ ಎಂದಾದರೆ? ಆರರಿಂದ ಹದಿನಾಲ್ಕರೊಳಗಿನ ಮಕ್ಕಳಿದ್ದರೆ, ಅಥವಾ ಮನೆಯಲ್ಲೊಬ್ಬ ಎಂಜಿನಿಯರ್ ಇದ್ದರೆ, ಕ್ಲೋ ಲ್ಯೂಸೆ. ಇತಿಹಾಸ ಮತ್ತು ನೋಟ ಬೇಕಾದವರಿಗೆ ರಾಜ ಶಾಟೊ. ಹಿರಿಯರಿಗೂ ಕ್ಲೋ ಲ್ಯೂಸೆಯೇ ಹಗುರ, ಏಕೆಂದರೆ ಶಾಟೊಗೆ ಊರಿನಿಂದ ಕಡಿದಾದ ಕಲ್ಲುಹಾಸಿನ ಏರು ಇದೆ. ದುಡ್ಡು ಉಳಿಸುವವರು ರಾಜ ಶಾಟೊವನ್ನು ಹೊರಗಿನಿಂದ ನೋಡಿದರೂ ನಷ್ಟವಿಲ್ಲ. ಅದರ ಅತ್ಯಂತ ಒಳ್ಳೆಯ ನೋಟ ಸಿಗುವುದು ನದಿಯ ನಡುವಿನ ಇಲ್ ದೋರ್ ದ್ವೀಪದಿಂದ, ಅದಕ್ಕೆ ಟಿಕೆಟ್ ಇಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರವಾಗಿರುತ್ತದೆ. ಊಟ ಮುಗಿಸಿಕೊಂಡೇ ಹೋಗಬಹುದು.

ಊರ ಹೊರಗಿನ ಮೂರು

ಶೆನೋನ್ಸೊ, ಶಾಂಬೋರ್, ಶೋಮೋಂ. ಸುತ್ತಮುತ್ತ ಇನ್ನೂ ಹಲವಿವೆ. ಆದರೆ ಅಂಬ್ವಾಜ್‌ನಲ್ಲಿ ಉಳಿದವರ ಜಗ್ಗಾಟ ನಡೆಯುವುದು ಈ ಮೂರರ ನಡುವೆ.

ಶೆನೋನ್ಸೊ ಇರುವುದು ಲ್ವಾರ್ ಮೇಲಲ್ಲ, ಅದರ ಉಪನದಿ ಶೇರ್ ಮೇಲೆ. 'ಮೇಲೆ' ಎಂಬುದನ್ನು ಅಕ್ಷರಶಃ ತಿಳಿಯಿರಿ: 60 ಮೀಟರ್ ಉದ್ದದ ಪಡಸಾಲೆ ಕಮಾನುಗಳ ಮೇಲೆ ನದಿಯನ್ನು ದಾಟುತ್ತದೆ. ಎರಡನೇ ಆನ್ರಿ ದೊರೆ ಇದನ್ನು ತನ್ನ ಪ್ರೇಯಸಿ ದಿಯಾನ್ ದ ಪುವಾತಿಯೇಗೆ ಕೊಟ್ಟಿದ್ದ. ಅವನು ಸತ್ತ ಮೇಲೆ ರಾಣಿ ಕ್ಯಾಥರೀನ್ ಅವಳನ್ನು ಹೊರಹಾಕಿ, ದಿಯಾನ್ ಕಟ್ಟಿಸಿದ ಸೇತುವೆಯ ಮೇಲೇ ಪಡಸಾಲೆ ಎಬ್ಬಿಸಿದಳು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಹಿಡಿತದ ಪ್ರದೇಶಕ್ಕೂ ಆಚಿನದಕ್ಕೂ ಇಲ್ಲಿ ಶೇರ್ ನದಿಯೇ ಗಡಿ. ಮುಂಬಾಗಿಲು ಒಂದು ಕಡೆ, ಪಡಸಾಲೆಯ ದಕ್ಷಿಣದ ಬಾಗಿಲು ಇನ್ನೊಂದು ಕಡೆ. ಆ ಬಾಗಿಲಿನಿಂದ ಜನ ತಪ್ಪಿಸಿಕೊಂಡರು. ಮೂರರಲ್ಲಿ ಒಳಗಿನ ಕೋಣೆಗಳು ಅತಿ ಚೆನ್ನಾಗಿರುವುದು, ದಿನವೂ ಹೂಗಳಿಂದ ಸಿಂಗರಿಸುವುದು ಇಲ್ಲೇ. ಸಾಲು ಮರಗಳ ದಾರಿ ಉದ್ದ, ಆದರೆ ಮಟ್ಟಸ. ಮೇಲಿನ ಮಹಡಿ ಬಿಟ್ಟರೂ ಪಡಸಾಲೆ ಮತ್ತು ಎರಡು ತೋಟ ಸಾಕು ಎನ್ನಿಸುತ್ತದೆ, ಆದ್ದರಿಂದ ಹಿರಿಯರೊಡನೆ ಹೋಗುವವರಿಗೆ ಇದು ಮೊದಲ ಆಯ್ಕೆ.

ತೊಂದರೆ ಜನಸಂದಣಿ. ಹಗಲು ಹನ್ನೊಂದರಿಂದ ಮೂರರವರೆಗೆ ಪ್ರವಾಸಿ ಬಸ್ಸುಗಳು ಬಂದು ಇಳಿಯುತ್ತವೆ, ಕೋಣೆಗಳು ಕಿರಿದಾದ್ದರಿಂದ ಒಬ್ಬರ ಬೆನ್ನು ನೋಡುತ್ತ ಮತ್ತೊಬ್ಬರು ಸಾಗಬೇಕು. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಇಲ್ಲವೇ ಕೊನೆಯ ಎರಡು ಗಂಟೆಗೆ ಹೋಗಿ. ಫೋಟೋದ ಹುಚ್ಚಿನವರಿಗೆ: ಪ್ರವೇಶದಿಂದ ಎಡಕ್ಕೆ, ಅಂದರೆ ಪೂರ್ವಕ್ಕೆ, ದಿಯಾನ್ ತೋಟ, ಬೆಳಗಿನ ಬಿಸಿಲು ಗೋಡೆಗೆ ಬೀಳುವುದು ಆ ಕಡೆಯಿಂದ. ಸಂಜೆಗೆ ಬಲಗಡೆಯ ಕ್ಯಾಥರೀನ್ ತೋಟ.

ಕಾರಿನಲ್ಲಿ 20 ನಿಮಿಷ. ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟು, ಭಾನುವಾರ ಮತ್ತು ರಜಾದಿನಗಳಲ್ಲಿ ಅದನ್ನೂ ನಂಬಬೇಡಿ. ಮರಳುವ ಬಸ್ಸಿನ ಹೊತ್ತನ್ನು ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ. ರೈಲು ನಿಲ್ದಾಣ ಗೇಟಿನ ಪಕ್ಕದಲ್ಲೇ ಇದೆ, ಆದರೆ ಅದು ತೂರ್ ನಗರದಿಂದ ಬರುವ ಶೇರ್ ಕಣಿವೆಯ ಮಾರ್ಗ. ಅಂಬ್ವಾಜ್‌ನಿಂದ ಹೋಗುವವರು ಸೇಂ-ಪಿಯೇರ್-ದೆ-ಕೋರ್‌ನಲ್ಲಿ ರೈಲು ಬದಲಿಸಿ ಸುತ್ತಿಕೊಂಡು ಬರಬೇಕು. ಟಿಕೆಟ್ ಹುಡುಕುವಾಗ ಇನ್ನೊಂದು ಸಣ್ಣ ಎಡವಟ್ಟು ಆಗುತ್ತದೆ. ಊರಿನ ಮತ್ತು ನಿಲ್ದಾಣದ ಹೆಸರಿನ ಕೊನೆಗೆ ಎಕ್ಸ್ ಅಕ್ಷರವಿದೆ, ಶಾಟೊದ ಹೆಸರಿಗಿಲ್ಲ. ಉಚ್ಚಾರ ಎರಡಕ್ಕೂ ಒಂದೇ.

ಶಾಂಬೋರ್ ಇನ್ನೊಂದು ತುದಿ. ಫ್ರಾನ್ಸ್ವಾ ದೊರೆ 1519ರಲ್ಲಿ ಬೇಟೆಗೆಂದು ಕಟ್ಟಲು ಶುರುಮಾಡಿದ, 32 ವರ್ಷದ ಆಳ್ವಿಕೆಯಲ್ಲಿ ಇಲ್ಲಿ ತಂಗಿದ್ದು ಒಟ್ಟು 72 ದಿನ ಎನ್ನುತ್ತಾರೆ. ಸುತ್ತಲೂ 32 ಕಿಲೋಮೀಟರ್ ಗೋಡೆ, ಒಳಗೆ 5,440 ಹೆಕ್ಟೇರ್ ಕಾಡು. ನಡುವೆ ಎರಡು ಸುರುಳಿ ಒಂದರೊಳಗೊಂದು ಹೆಣೆದ ಮೆಟ್ಟಿಲು: ಒಂದರಲ್ಲಿ ಏರುವವರು ಇನ್ನೊಂದರಲ್ಲಿ ಇಳಿಯುವವರನ್ನು ಕಿಂಡಿಗಳಿಂದ ಕಾಣುತ್ತಾರೆ, ಎದುರಾಗುವುದಿಲ್ಲ. ಇದರ ಹಿಂದೆ ಲಿಯೊನಾರ್ಡೊನ ಕಲ್ಪನೆ ಇದ್ದಿರಬಹುದು ಎಂಬ ಊಹೆ ಹಳೆಯದು. ಮೇಲಿನ ಚಾವಣಿಯಂತೂ ಹೊಗೆಗೂಡು ಮತ್ತು ಗೋಪುರಗಳ ಒಂದು ಪುಟ್ಟ ಪೇಟೆ. ಆದರೆ ಕೋಣೆಗಳಲ್ಲಿ ಹಲವು ಬರಿದು, ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳಗೂ ಕೋಟು ಬಿಚ್ಚಲಾಗದಷ್ಟು ಥಂಡಿ.

ಅಂಬ್ವಾಜ್‌ನಿಂದ ಕಾರಿನಲ್ಲಿ ಸುಮಾರು 50 ಕಿಲೋಮೀಟರ್, ಒಂದು ಗಂಟೆಗೆ ತುಸು ಕಡಿಮೆ. ರೈಲಿನಲ್ಲಾದರೆ ಬ್ಲ್ವಾ ಊರಿಗೆ 20 ನಿಮಿಷ. ಅಲ್ಲಿಂದ ಋತುವಿನಲ್ಲಿ ಮಾತ್ರ ಓಡುವ ಬಸ್ಸು, ಇಲ್ಲವೇ ಬಾಡಿಗೆ ಸೈಕಲ್ಲು. ಬ್ಲ್ವಾದಿಂದ ಶಾಂಬೋರ್ ದಾರಿ ಸುಮಾರು ಮಟ್ಟಸ, ಬಳಕೆಯಿಲ್ಲದವರಿಗೂ ಒಂದೂವರೆ ಗಂಟೆಯ ತುಳಿತ. ದುಡ್ಡಿನ ವಿಚಾರದಲ್ಲಿ ಎರಡು ಸಂಗತಿ. 2026ರ ಜನವರಿಯಿಂದ ಯುರೋಪಿಯನ್ ಆರ್ಥಿಕ ವಲಯದ ಹೊರಗಿನಿಂದ ಬರುವವರಿಗೆ ಇಲ್ಲಿ ಬೇರೆ, ಹೆಚ್ಚಿನ ದರವಿದೆ. ಬೆಂಗಳೂರಿನಿಂದ ಬರುವ ಕುಟುಂಬಕ್ಕೆ ಇದು ಮೂರರಲ್ಲಿ ದುಬಾರಿ. ಎರಡನೆಯದು ಸಿಹಿಸುದ್ದಿ: ಇದು ಸರ್ಕಾರದ ಆಸ್ತಿ, ಆದ್ದರಿಂದ 18 ತುಂಬದವರಿಗೆ ಪ್ರವೇಶ ಉಚಿತ. ಯುರೋಪಿಯನ್ ಒಕ್ಕೂಟದ ದೇಶದಲ್ಲಿ ನಿವಾಸ ಪರವಾನಗಿಯ ಮೇಲೆ ಓದುತ್ತಿರುವ 18ರಿಂದ 25ರ ವಿದ್ಯಾರ್ಥಿಗಳಿಗೂ ಉಚಿತ. ಕಾರ್ಡು ಜೇಬಿನಲ್ಲಿರಲಿ. ಶೆನೋನ್ಸೊ, ಕ್ಲೋ ಲ್ಯೂಸೆಗಳು ಖಾಸಗಿ ಒಡೆತನದವು, ಅಲ್ಲಿ ಈ ಉಚಿತ ಪ್ರವೇಶವಿಲ್ಲ, ವಿದ್ಯಾರ್ಥಿ ರಿಯಾಯಿತಿ ಮಾತ್ರ.

ಶೋಮೋಂ ಹೆಸರು ಕಡಿಮೆ ಜನರಿಗೆ ಗೊತ್ತು, ಅದೇ ಅದರ ಅನುಕೂಲ. ಲ್ವಾರ್ ದಂಡೆಯ ಎತ್ತರದ ಮೇಲಿದೆ. ಕ್ಯಾಥರೀನ್ ರಾಣಿ ಶೆನೋನ್ಸೊ ಕಸಿದುಕೊಂಡು ಬದಲಿಗೆ ದಿಯಾನ್‌ಗೆ ಕೊಟ್ಟದ್ದು ಇದನ್ನೇ. 1992ರಿಂದ ವರ್ಷವೂ ಏಪ್ರಿಲ್‌ನಿಂದ ನವೆಂಬರ್ ಆರಂಭದವರೆಗೆ ಇಲ್ಲಿ ಅಂತರರಾಷ್ಟ್ರೀಯ ತೋಟಗಳ ಉತ್ಸವ ನಡೆಯುತ್ತದೆ. ಒಂದು ವಿಷಯ ಕೊಟ್ಟು ಹಲವು ವಿನ್ಯಾಸಕರಿಂದ ಪುಟ್ಟ ಪುಟ್ಟ ತೋಟ ಮಾಡಿಸುತ್ತಾರೆ. ಗಿಡಗಳಲ್ಲಿ ಆಸಕ್ತಿ ಇದ್ದವರಿಗೆ ನಾಲ್ಕು ಗಂಟೆಯೂ ಸಾಲದು, ಇಲ್ಲದವರು ಒಂದೂವರೆ ಗಂಟೆಗೆ ಹೊರಬರುತ್ತಾರೆ. ಉತ್ಸವ ಇಲ್ಲದ ತಿಂಗಳಲ್ಲಿ ಇದನ್ನು ಶೆನೋನ್ಸೊಗಿಂತ ಮುಂದೆ ಇಡಲಾಗದು.

ಹಾಗಾದರೆ ಒಂದೇ ಶಾಟೊಗೆ ಹೋಗುವವರಿಗೆ ಶೆನೋನ್ಸೊ, ಚರ್ಚೆಯೇ ಬೇಡ. ಕಾರಿದ್ದು ಎರಡು ದಿನವಿದ್ದರೆ ಶಾಂಬೋರ್ ಸೇರಿಸಿ. ಕಾರಿಲ್ಲದೆ ಸೈಕಲ್ ತುಳಿಯುವವರಿಗೆ ಶಾಂಬೋರ್‌ಗಿಂತ ಶೋಮೋಂ ಲೇಸು. ಏಕೆಂದು ಈಗ ಹೇಳಬಹುದು.

ಸೈಕಲ್: ಮೂರು ದಾರಿ, ಒಂದು ಗಾಳಿ

ಲ್ವಾರ್ ಆ ವೇಲೊ ಎಂಬ ಸೈಕಲ್ ದಾರಿ ಸುಮಾರು 900 ಕಿಲೋಮೀಟರ್ ಉದ್ದ, ಅಟ್ಲಾಂಟಿಕ್ ಸಾಗರದವರೆಗೆ ಹೋಗುತ್ತದೆ. ಅಂಬ್ವಾಜ್ ಅದರ ಮೇಲೇ ಇದೆ. ಸಾದಾ ಸೈಕಲ್ ಬಾಡಿಗೆ ದಿನಕ್ಕೆ 15ರಿಂದ 20 ಯೂರೊ, ಬ್ಯಾಟರಿಯದ್ದು ಅದರ ಎರಡರಷ್ಟು. ದಾರಿ ಎಲ್ಲೆಡೆ ನೀರಿನ ಪಕ್ಕದಲ್ಲೇ ಹೋಗುತ್ತದೆ ಎಂದುಕೊಳ್ಳಬೇಡಿ. ಕೆಲವೆಡೆ ದ್ರಾಕ್ಷಿತೋಟದ ದಿಣ್ಣೆ ಹತ್ತಿ ಇಳಿಯುತ್ತದೆ. ವಾರಕ್ಕೊಮ್ಮೆಯೂ ಸೈಕಲ್ ಮುಟ್ಟದವರು ಬ್ಯಾಟರಿಯದ್ದಕ್ಕೆ ದುಡ್ಡು ಕೊಡುವುದೇ ವಾಸಿ.

ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಸಾಗರದ ಕಡೆಯಿಂದ ಬೀಸುತ್ತದೆ. ನದಿ ಹರಿಯುವ ದಿಕ್ಕಿನಲ್ಲಿ ತುಳಿದರೆ ಇಳಿಜಾರು ಸಿಗುತ್ತದೆಂದು ಭಾವಿಸುವವರು ಎದುರುಗಾಳಿಗೆ ಸಿಕ್ಕಿ ಸುಸ್ತಾಗುತ್ತಾರೆ, ನದಿಯ ಇಳಿಜಾರು ಕಾಲಿಗೆ ಗೊತ್ತಾಗುವಷ್ಟಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ತುಳಿಯಿರಿ, ಉಳಿದದ್ದನ್ನು ರೈಲಿಗೆ ಬಿಡಿ. ಪ್ರಾದೇಶಿಕ ರೈಲುಗಳು ಸೈಕಲ್ಲನ್ನೂ ಒಯ್ಯುತ್ತವೆ, ಆದರೆ ಜುಲೈ–ಆಗಸ್ಟ್‌ನಲ್ಲಿ ಜಾಗ ಬೇಗ ತುಂಬುತ್ತದೆ. ಆಗ ಬೆಳಿಗ್ಗೆ ಮೊದಲ ರೈಲುಗಳನ್ನು ಹಿಡಿಯುವುದು ಕ್ಷೇಮ, ಮುಂಗಡ ಜಾಗ ಬೇಕೇ ಎಂದೂ ನೋಡಿಕೊಳ್ಳಿ.

ಇದೇ ಲೆಕ್ಕದಲ್ಲಿ ಶೋಮೋಂ ಗೆಲ್ಲುತ್ತದೆ. ಅಂಬ್ವಾಜ್‌ನಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್, ಬೆನ್ನಿಗೆ ಗಾಳಿ, ನಿಲ್ಲುತ್ತ ಹೋದರೂ ಎರಡು ಗಂಟೆ. ತೋಟ ನೋಡಿ, ಸೇತುವೆ ದಾಟಿ ಆಚೆದಂಡೆಯ ಓಂಜೆನ್ ನಿಲ್ದಾಣಕ್ಕೆ ಬಂದರೆ ಅಂಬ್ವಾಜ್‌ಗೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಇಡೀ ದಿನಕ್ಕೆ ಇದರಷ್ಟು ಸಲೀಸಾದ ಸುತ್ತು ಬೇರೆ ಇಲ್ಲ. ಎರಡನೆಯದು ತೂರ್‌ಗೆ ಸೈಕಲ್ ಸಮೇತ ರೈಲಿನಲ್ಲಿ ಹೋಗಿ ಮೋಂಲೂಯಿ ದ್ರಾಕ್ಷಿತೋಟಗಳ ನಡುವೆ ಅಂಬ್ವಾಜ್‌ಗೆ ತುಳಿಯುವುದು, 25ರಿಂದ 30 ಕಿಲೋಮೀಟರ್. ಇದರಲ್ಲಿ ಶಾಟೊ ಇಲ್ಲ, ಏರಿಳಿತ ಹೆಚ್ಚು. ಆದರೆ ದಣಿದರೆ ಮಧ್ಯೆ ಮೋಂಲೂಯಿ ನಿಲ್ದಾಣದಲ್ಲಿ ರೈಲು ಹತ್ತಬಹುದು.

ಮೂರನೆಯದು ಶೆನೋನ್ಸೊ ದಾರಿ. ನಕ್ಷೆಯಲ್ಲಿ ಹತ್ತಿರ, 15 ಕಿಲೋಮೀಟರ್ ಸುಮಾರು. ಲ್ವಾರ್ ಕಣಿವೆಯಿಂದ ಮೇಲಕ್ಕೆ ಹತ್ತಿ, ಅಂಬ್ವಾಜ್ ಕಾಡು ದಾಟಿ, ಶೇರ್ ಕಣಿವೆಗೆ ಇಳಿಯಬೇಕು. ಫೋನಿನ ನಕ್ಷೆ ಕೆಲವೊಮ್ಮೆ ವಾಹನಗಳು ರಭಸದಿಂದ ಸಾಗುವ ದೊಡ್ಡ ರಸ್ತೆಗೆ ತಳ್ಳುತ್ತದೆ. ಸೈಕಲ್ ಆಯ್ಕೆಯನ್ನು ಒತ್ತಿಯೇ ಹುಡುಕಿ, ಇಲ್ಲವೇ ಬಾಡಿಗೆ ಅಂಗಡಿಯಲ್ಲಿ ಕಾಡಿನ ದಾರಿಯ ಕಾಗದದ ನಕ್ಷೆ ಕೇಳಿ. ಹೋಗಿಬರುವುದು 30 ಕಿಲೋಮೀಟರ್, ನಡುವೆ ಎರಡೂವರೆ ಗಂಟೆ ಶಾಟೊದಲ್ಲಿ ನಡೆದಾಟ. ಸಂಜೆಯ ಏರಿನಲ್ಲಿ ಕಾಲು ಸೋಲುವುದು ಇದರಿಂದಲೇ.

ಅಂಗಡಿ ಬಿಡುವ ಮೊದಲು ಸೀಟಿನ ಎತ್ತರ, ಎರಡೂ ಬ್ರೇಕು, ಬೀಗ, ಪಂಕ್ಚರ್ ಸಾಮಾನು, ಇವಿಷ್ಟನ್ನು ನೋಡಿಕೊಳ್ಳಿ. ಶಾಟೊ ಬಾಗಿಲಲ್ಲಿ ಬೀಗವಿಲ್ಲದೆ ನಿಂತರೆ ಒಳಗೆ ಹೋಗುವಂತಿಲ್ಲ. 12 ತುಂಬದ ಮಕ್ಕಳಿಗೆ ಫ್ರಾನ್ಸ್‌ನಲ್ಲಿ ಹೆಲ್ಮೆಟ್ ಕಡ್ಡಾಯ, ಹಿಂದಿನ ಸೀಟಿನಲ್ಲಿ ಕೂರುವ ಮಗುವಿಗೂ.

ನೀರು ಮತ್ತು ಆಕಾಶ

ಲ್ವಾರ್ ನೋಡಲು ಮಂದ, ಬೇಸಿಗೆಯಲ್ಲಿ ಮರಳದಿಬ್ಬಗಳು ತೇಲಿ ಮೊಣಕಾಲುದ್ದ ನೀರಿನಂತೆ ಕಾಣುತ್ತದೆ. ಮೋಸ ಹೋಗಬೇಡಿ. ಮರಳು ಜಾಗ ಬದಲಿಸುತ್ತಿರುತ್ತದೆ, ದಿಬ್ಬದ ಅಂಚು ಕುಸಿದರೆ ಪಕ್ಕದಲ್ಲೇ ಆಳದ ಸೆಳವು. ಅದಕ್ಕೇ ಇಲ್ಲಿ ಈಜು ನಿಷಿದ್ಧ. ವಸಂತದಿಂದ ಆಗಸ್ಟ್ ನಡುವಿನವರೆಗೆ ದಿಬ್ಬಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ, ಗೂಡಿರುವ ದಿಬ್ಬಗಳ ಮೇಲೆ ಕಾಲಿಡುವಂತಿಲ್ಲ.

ನದಿಗಿಳಿಯಲು ಎರಡು ಬಗೆ. ಕನೂ ಎಂಬ ಕಿರುದೋಣಿಯನ್ನು ಬಾಡಿಗೆಗೆ ಪಡೆದು ತಾವೇ ಹುಟ್ಟು ಹಾಕುವುದು ಒಂದು. 25 ಮೀಟರ್ ಈಜಬಲ್ಲೆವು ಎಂದು ಒಪ್ಪಿಕೊಂಡರಷ್ಟೇ ಕೊಡುತ್ತಾರೆ, ಹಿಂಬದಿ ಕಟ್ಟುವ ಚಪ್ಪಲಿ ಅಥವಾ ಶೂ ಬೇಕು. ಸೇತುವೆಯ ಕಂಬಗಳ ಬಳಿ ನೀರು ಸುಳಿಯುವುದರಿಂದ ಯಾವ ಕಮಾನಿನಡಿ ಹೋಗಬೇಕೆಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಚಪ್ಪಟೆ ತಳದ ಹಳೆಯ ಮಾದರಿಯ ಮರದ ದೋಣಿ, ತೂ ಎನ್ನುತ್ತಾರೆ. ನಡೆಸುವವರು ಅಲ್ಲಿಯವರೇ, ಒಂದು ಒಂದೂವರೆ ಗಂಟೆಯ ಯಾನ. ಈಜು ಬಾರದವರಿಗೆ, ಮಕ್ಕಳಿರುವವರಿಗೆ ಇದೇ ಸರಿ. ಸಂಜೆಯ ದೋಣಿ ಹಿಡಿದರೆ ಹಕ್ಕಿಗಳೂ ಸಿಗುತ್ತವೆ, ಬಿಸಿಲೂ ಇಳಿದಿರುತ್ತದೆ. ಹುಟ್ಟು ಹಾಕುವ ಆಸೆ ಇದ್ದೂ ಲ್ವಾರ್ ಸೆಳವಿಗೆ ಅಂಜುವವರು ಶೆನೋನ್ಸೊ ಬಳಿ ಶೇರ್ ನದಿಗೆ ಹೋಗಲಿ. ಅಲ್ಲಿ ನೀರು ನಿಧಾನ, ನೀರಮಟ್ಟ ಸಾಕಷ್ಟಿದ್ದಾಗ ಶಾಟೊದ ಕಮಾನುಗಳ ಕೆಳಗೇ ಕನೂ ಸಾಗುತ್ತದೆ. ಟಿಕೆಟ್ ಇಲ್ಲದೆ ಶೆನೋನ್ಸೊವನ್ನು ಅತಿ ಹತ್ತಿರದಿಂದ ನೋಡುವ ದಾರಿಯೂ ಅದೇ.

ಬಲೂನು ತಲೆಗೆ ಸುಮಾರು 200ರಿಂದ 250 ಯೂರೊ. ಹಾರಾಟ ಒಂದು ಗಂಟೆ, ಬಲೂನು ಬಿಚ್ಚಿ ಮಡಿಸುವುದೂ ಸೇರಿ ಮೂರೂವರೆ ಗಂಟೆ. ಸೂರ್ಯೋದಯದ ಹೊತ್ತಿಗೆ ಅಥವಾ ಸಂಜೆ ಮಾತ್ರ ಹಾರಿಸುತ್ತಾರೆ. ಹಗಲಲ್ಲಿ ನೆಲ ಕಾದು ಗಾಳಿ ಏರುಪೇರಾಗುತ್ತದೆ. ದಿಕ್ಕು ಗಾಳಿಯದು, ಆದ್ದರಿಂದ ಶೆನೋನ್ಸೊ ಮೇಲೆಯೇ ಹಾರಿಸುತ್ತೇವೆಂದು ಯಾರೂ ಮಾತು ಕೊಡಲಾರರು. ಹವಾಮಾನ ಕೆಟ್ಟರೆ ರದ್ದು. ಎರಡೇ ದಿನಕ್ಕೆ ಬಂದವರು ಮೊದಲ ದಿನಕ್ಕೇ ಕಾಯ್ದಿರಿಸಬೇಕು, ತಪ್ಪಿದರೆ ಮರುದಿನ ಉಳಿದಿರುತ್ತದೆ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಇಲ್ಲ.

ದುಡ್ಡೂ ಕಡಿಮೆ, ಹೊತ್ತೂ ಕಡಿಮೆ ಎನ್ನುವವರಿಗೆ ಶಾಂತ್‌ಲೂ ಪಗೋಡ ಇದೆ. ಊರಿನಿಂದ ಮೂರು ಕಿಲೋಮೀಟರ್, ಕಾಡಿನ ಅಂಚಿನಲ್ಲಿ. ಶ್ವಾಜಲ್ ಡ್ಯೂಕ್ 1770ರ ದಶಕದಲ್ಲಿ ಕಟ್ಟಿಸಿದ ಏಳು ಅಂತಸ್ತಿನ, 44 ಮೀಟರ್ ಎತ್ತರದ ಗೋಪುರ. ಅವನ ಅರಮನೆ ಹೋಗಿದೆ, ಇದೊಂದು ಕೊಳದ ಮುಂದೆ ಉಳಿದಿದೆ. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ, ಎತ್ತರಕ್ಕೆ ಹೆದರುವವರು ಕೆಳಗೆ ಹುಲ್ಲಿನ ಮೇಲೆ ಬುತ್ತಿ ಬಿಚ್ಚಬಹುದು.

ಊಟ, ಕಾರು, ತಂಗುವುದು

ಅಡುಗೆಮನೆಗಳು ಮಧ್ಯಾಹ್ನ 12ರಿಂದ 2, ರಾತ್ರಿ 7ರಿಂದ 9. ಎರಡೂವರೆಗೆ ಶಾಟೊ ಮುಗಿಸಿ ಬಂದವರಿಗೆ ಬೇಕರಿಯ ಬ್ರೆಡ್ಡೇ ಗತಿ, ಸೋಮವಾರವಾದರೆ ಸಣ್ಣ ಊರುಗಳಲ್ಲಿ ಅದೂ ಕಷ್ಟ. ಸಸ್ಯಾಹಾರಿಗಳು 'ಸಾಂ ವಿಯಾಂದ್, ಸಾಂ ಪುವಾಸೋಂ' (ಮಾಂಸ ಬೇಡ, ಮೀನು ಬೇಡ) ಎರಡನ್ನೂ ಹೇಳಬೇಕು. ಮೇಕೆ ಚೀಸಿನ ಸಲಾಡ್ ಕೇಳಿದರೂ ಮೇಲೆ 'ಲಾರ್ದೋಂ', ಅಂದರೆ ಹಂದಿಮಾಂಸದ ಚೂರು, ಉದುರಿಸಿಕೊಂಡು ಬರುವುದುಂಟು. ಇಲ್ಲಿಯದೇ ತಿನಿಸು ಬೇಕೆಂದರೆ ಫುವೆ: ಕಟ್ಟಿಗೆ ಒಲೆಯಲ್ಲಿ ಪೂರಿಯಂತೆ ಉಬ್ಬುವ ಪುಟ್ಟ ರೊಟ್ಟಿ. ಬಿಳಿ ಬೀನ್ಸ್ ಅಥವಾ ಚೀಸ್ ತುಂಬಿಸಿಕೊಳ್ಳಿ, 'ರಿಯೆತ್' ಎಂದರೆ ಹಂದಿಮಾಂಸ. ಸೇಂತ್ ಮೋರ್ ಎಂಬ ಈ ಸೀಮೆಯ ಮೇಕೆ ಚೀಸ್ ಉದ್ದನೆಯ ಉರುಳೆ, ಬೂದಿ ಬಳಿದಿರುತ್ತದೆ, ನಡುವೆ ಗೋಧಿಜಾತಿಯ ರೈ ಹುಲ್ಲಿನ ಕಡ್ಡಿ. ಕಡ್ಡಿ ತೆಗೆದು ತಿನ್ನಿ. ಹಾಲು ಒಡೆಯಲು ಪ್ರಾಣಿಜನ್ಯ ಕಿಣ್ವ ಬಳಸುವುದು ಸಾಮಾನ್ಯ, ಕಟ್ಟುನಿಟ್ಟಿನವರು ಗಮನಿಸಿ. ಶುಕ್ರವಾರ ಮತ್ತು ಭಾನುವಾರ ಬೆಳಿಗ್ಗೆ ಅಂಬ್ವಾಜ್‌ನ ನದಿದಂಡೆಯಲ್ಲಿ ಸಂತೆ, ಭಾನುವಾರದ್ದು ದೊಡ್ಡದು. ಸುಣ್ಣಕಲ್ಲಿನ ಗುಹೆಗಳಲ್ಲಿ ನಡೆಸುವ ವೈನ್ ನೆಲಮಾಳಿಗೆಗಳಿಗೆ ಹೋಗುವವರು ಸ್ವೆಟರ್ ಒಯ್ಯಿರಿ, ಒಳಗೆ ವರ್ಷವಿಡೀ ಸುಮಾರು 12 ಡಿಗ್ರಿ.

ಕಾರು ಬಾಡಿಗೆಗೆ ಭಾರತದ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಬನ್ನಿ. ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡನ್ನು ಹಲವೆಡೆ ಒಪ್ಪುವುದಿಲ್ಲ. ಗೇರಿಲ್ಲದ ಕಾರು ಕಡಿಮೆ, ದುಬಾರಿ, ಮೊದಲೇ ಹೇಳಿಡಬೇಕು. ಒಬ್ಬರು ಇಬ್ಬರಾದರೆ ಕಾರಿಗಿಂತ ಅರ್ಧ ದಿನದ ಮಿನಿಬಸ್ ಪ್ರವಾಸ ಅಗ್ಗ, ನಾಲ್ವರಾದರೆ ಕಾರೇ ಅಗ್ಗ.

ತಂಗುವುದಕ್ಕೆ ತೂರ್ ಅಥವಾ ಅಂಬ್ವಾಜ್? ರೈಲಿನವರು ಮೂರು ರಾತ್ರಿ ಇರುವುದಾದರೆ ತೂರ್: ಎಲ್ಲ ಮಾರ್ಗಗಳೂ ಅಲ್ಲಿಂದ ಕವಲೊಡೆಯುತ್ತವೆ, ಶೆನೋನ್ಸೊಗೆ ನೇರ ರೈಲು ಅರ್ಧ ಗಂಟೆ, ರಾತ್ರಿ ಊಟಕ್ಕೆ ಆಯ್ಕೆಯೂ ಹೆಚ್ಚು. ಒಂದೆರಡು ರಾತ್ರಿಗೆ ಅಂಬ್ವಾಜ್. ಬಸ್ಸುಗಳು ಹೊರಟ ಮೇಲೆ ಊರು ಶಾಂತವಾಗುತ್ತದೆ, ಎಲ್ಲವೂ ನಡಿಗೆಯಲ್ಲಿ ಸಿಗುತ್ತದೆ.

ಹೊಂದಿಸುವುದು ಹೀಗೆ

ಎರಡು ದಿನ, ಕಾರಿಲ್ಲ, ಕಾಲು ಗಟ್ಟಿ: ಮೊದಲ ಮಧ್ಯಾಹ್ನ ಕ್ಲೋ ಲ್ಯೂಸೆ, ಸಂಜೆ ದ್ವೀಪ. ಮರುದಿನ ಸೈಕಲ್ಲಿನಲ್ಲಿ ಶೋಮೋಂ, ರೈಲಿನಲ್ಲಿ ವಾಪಸ್. ಶೆನೋನ್ಸೊ ಬಿಡಲಾಗದಿದ್ದರೆ ಶೋಮೋಂ ಬದಲಿಗೆ ಅದನ್ನಿಡಿ, ಎರಡನ್ನೂ ಒಂದೇ ದಿನ ಬೇಡ.

ಎರಡು ದಿನ, ಕಾರು, ಜೊತೆಗೆ ಅಪ್ಪ ಅಮ್ಮ: ಒಂದು ಬೆಳಿಗ್ಗೆ ಶೆನೋನ್ಸೊ, ಸಂಜೆ ತೂ ದೋಣಿ. ಇನ್ನೊಂದು ದಿನ ಶಾಂಬೋರ್. ಹಿರಿಯರು ಮೆಟ್ಟಿಲು ಬಿಟ್ಟು ಕಾಲುವೆಯ ದಂಡೆಯಲ್ಲಿ ಕೂರಬಹುದು, ಹೊರನೋಟವೇ ಅದರ ಅರ್ಧ ಸೊಗಸು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಸಂಜೆ ಕಾಡಿನಂಚಿನಲ್ಲಿ ಬೆದೆಗೆ ಬಂದ ಗಂಡು ಜಿಂಕೆಗಳ ಕೂಗು ಕೇಳಿಸುತ್ತದೆ, ಆಗ ಶಾಂಬೋರ್‌ನಿಂದ ಬೇಗ ಹೊರಡಬೇಡಿ.

ಡಿಸೆಂಬರ್‌ನಿಂದ ಫೆಬ್ರವರಿ: ಶೆನೋನ್ಸೊ ಮತ್ತು ಊರೊಳಗಿನ ಎರಡು, ಅಷ್ಟೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಕತ್ತಲು.

ಪ್ಯಾರಿಸ್ಸಿನಿಂದ ಒಂದೇ ದಿನಕ್ಕೆ ಬಂದುಹೋಗುವವರು: ಓಸ್ಟರ್ಲಿಟ್ಸ್ ನಿಲ್ದಾಣದಿಂದ ನೇರ ರೈಲು ಎರಡು ಗಂಟೆಯೊಳಗೆ ಅಂಬ್ವಾಜ್ ಸೇರಿಸುತ್ತದೆ. ಮೋಂಪರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಹಿಡಿದು ಸೇಂ-ಪಿಯೇರ್-ದೆ-ಕೋರ್‌ನಲ್ಲಿ ಬದಲಿಸಿದರೂ ಹೆಚ್ಚುಕಡಿಮೆ ಅಷ್ಟೇ, ಟಿಕೆಟ್ ಮಾತ್ರ ಹೆಚ್ಚು. ಊರೊಳಗಿನ ಎರಡನ್ನಷ್ಟೇ ನೋಡಿ. ಶೆನೋನ್ಸೊವೇ ಬೇಕಾದರೆ ಅಂಬ್ವಾಜ್ ಬಿಟ್ಟು ನೇರ ಅಲ್ಲಿಗೇ ಹೋಗಿ. ಸಂಜೆಯ ರೈಲಿಗೆ ಹೊರಡುವಾಗ ನೆನಪಿರಲಿ, ನಿಲ್ದಾಣವಿರುವುದು ನದಿಯ ಆಚೆದಂಡೆಯಲ್ಲಿ. ಶಾಟೊ ಬುಡದಿಂದ ಎರಡು ಸೇತುವೆ ದಾಟಿ 20 ನಿಮಿಷದ ನಡಿಗೆ, ಚಕ್ರದ ಸೂಟ್‌ಕೇಸ್ ಎಳೆದುಕೊಂಡಾದರೆ ಅರ್ಧ ಗಂಟೆ.